ಅಲ್ಲಾಡಬಾರದು

"ತಲೆ ಕಡೆ ಸ್ವಲ್ಪ ಎತ್ತಿ... ಇನ್ನೂ ಸ್ವಲ್ಪ... ಅಯ್ಯೋ ಗೋಡೆ, ಗೋಡೆ!"

ವ್ಯಾನ್ ಡ್ರೈವರ್ ಎಷ್ಟು ಕೂಗಿದರೂ ಪೆಟ್ಟಿಗೆ ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡೇ ಇತ್ತು. ಖಾಲಿ ಪೆಟ್ಟಿಗೆ. ಅದರಲ್ಲಿ ಮಲಗಬೇಕಾದವಳು ಇನ್ನೊಂದು ಮಹಡಿ ಮೇಲೆ, ಹಾಲಿನ ಕಿಟಕಿಯ ಕೆಳಗೆ, ಬಿಳಿ ಹೊದಿಕೆಯಡಿ ಮಲಗಿದ್ದಳು. ಬದುಕಿದ್ದಷ್ಟು ದಿನ ಯಾರ ದಾರಿಗೂ ಅಡ್ಡ ನಿಂತವಳಲ್ಲ. ಈಗ ಅವಳ ಪೆಟ್ಟಿಗೆ ಇಡೀ ಕಟ್ಟಡದವರು ಹತ್ತಿ ಇಳಿಯುವ ಮೆಟ್ಟಿಲನ್ನೇ ಕಟ್ಟಿಹಾಕಿತ್ತು.

"ಇಷ್ಟು ದೊಡ್ಡದು ತರೋಕೆ ಯಾರು ಹೇಳಿದ್ದು?" ಮೇಲಿನಿಂದ ಇಣುಕಿ ಕೇಳಿದಳು ಚಿಕ್ಕಮ್ಮ. ಸತ್ತವಳ ಒಬ್ಬಳೇ ತಂಗಿ. ಬೆಳಗಿನಿಂದ ಅತ್ತು ಅತ್ತು ಗಂಟಲು ಕಟ್ಟಿತ್ತಾದರೂ ಗದರುವಷ್ಟು ದನಿ ಉಳಿದಿತ್ತು.

"ನಾನೇ," ಎಂದ ಮಗ, ಪೆಟ್ಟಿಗೆಯ ಅಡಿಯಿಂದ. "ಅಂಗಡಿಯವನು ಎತ್ತರ ಎಷ್ಟು ಅಂದ. ಹೇಳ್ದೆ."

"ಎಷ್ಟು ಅಂದೆ?"

"ಐದೂಮುಕ್ಕಾಲು ಅಡಿ."

"ನಿನ್ನ ತಲೆ! ಅಕ್ಕ ನನ್ನ ಕಿವಿ ತನಕ ಬರ್ತಿದ್ಲು ಕಣೋ. ನಾನೇ ಕುಳ್ಳಿ!"

"ಅಮ್ಮ ಎತ್ತರ ಇದ್ಲು ಚಿಕ್ಕಮ್ಮ," ಎಂದ ಮಗ, ಆಣೆ ಮಾಡುವವನಂತೆ.

ಅವನಿಗೆ ಐವತ್ತರ ಹತ್ತಿರ. ಬೇರೆ ಊರಿನ ಕೆಲಸ, ಹಬ್ಬ ಹುಣ್ಣಿಮೆಗೂ ಬರುವುದು ಅಪರೂಪ. ಅವನು ನೆನಪಿಟ್ಟುಕೊಂಡಿದ್ದ ಅಮ್ಮ ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚುತ್ತಿದ್ದವಳು, ಅವನು ಅವಳ ಸೆರಗು ಹಿಡಿದು ಕತ್ತೆತ್ತಿ ನೋಡುತ್ತಿದ್ದವನು. ಅಂಗಡಿಯವನು ಕೇಳಿದಾಗ ಅವನ ಬಾಯಿಗೆ ಬಂದದ್ದು ಆ ಅಮ್ಮನ ಅಳತೆ.

"ಮಲಗಿಸಿಕೊಂಡು ತಿರುಗಿಸಿದ್ರೆ ಜನ್ಮದಲ್ಲಿ ಆಗಲ್ಲ," ಕೆಳಗಿನ ಮೆಟ್ಟಿಲಿನಿಂದ ಯಾರೋ ಹೇಳಿದರು. "ನಿಲ್ಲಿಸಿ. ಬೀರು ಸಾಗಿಸೋ ಹಾಗೆ."

ತಲೆ ನೆರೆತ ಒಬ್ಬ, ಕೈಯಲ್ಲಿದ್ದ ಎರಡು ಬುಟ್ಟಿಗಳನ್ನು ಕೆಳಗಿಟ್ಟು ಹೆಗಲು ಕೊಟ್ಟ. ಪೆಟ್ಟಿಗೆ ನಿಂತಿತು, ಮೂಲೆ ಸುತ್ತಿತು, ಮೇಲೆ ಬಂತು. ಸಾವಿನ ಮನೆಯಲ್ಲಿ ಹೆಗಲು ಕೊಟ್ಟವನೆಲ್ಲ ನೆಂಟ. ಚಿಕ್ಕಮ್ಮ ಅವನನ್ನು ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದಳು.

"ನೀನು ಭಾವನ ಕಡೆಯೋನಾ?"

"ಅಲ್ಲಮ್ಮಾ, ನಾನು..."

"ಇರ್ಲಿ ಬಿಡಪ್ಪಾ. ಯಾವ ಕಡೆಯೋನಾದ್ರೂ ಬಂದ್ಯಲ್ಲ," ಎಂದು ಅವನ ಹೆಗಲ ಮೇಲೆ ತಲೆಯಿಟ್ಟು ಇನ್ನೊಂದು ಸುತ್ತು ಅತ್ತಳು. ಅವನು ಅಲ್ಲಾಡದೆ ಕೂತ.

ಟೀ ತಂದ ಮನೆಯ ಮಗಳನ್ನು ನೋಡಿ ಅವನಿಗೆ ಜೀವ ಬಂತು. ಅವಳಿಗೆ ಅವನ ಗುರುತಿತ್ತು. ಹಳೆಯ ಪಿಂಗಾಣಿ, ಗಡಿಯಾರ, ಕನ್ನಡಿ ಕೊಂಡು ಮಾರುವವನು. ಹೋದ ವಾರ ಬಂದು ಅಮ್ಮನ ಪಿಂಗಾಣಿ ಸೆಟ್ ನೋಡಿ ಬೆಲೆ ಮಾತಾಡಿ ಹೋಗಿದ್ದ.

"ನಂಗೆ ಗೊತ್ತಿರಲಿಲ್ಲಮ್ಮಾ," ಎಂದ ಮೆಲ್ಲಗೆ. "ಭಾನುವಾರ ಬೆಳಿಗ್ಗೆ ಬಾ ಅಂದಿದ್ರು. ಬಂದೆ. ಇನ್ನೊಂದು ದಿನ ಬರ್ತೀನಿ."

"ಬೇಡ. ಇರಿ," ಎಂದಳು ಮಗಳು.

ತಾನು ಕೆಲಸ ಮಾಡುವ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು 'ಊಟ ಆದ್ಮೇಲೆ ಒಂದು' ಎಂದು ಹೇಳುವ ದನಿಯಲ್ಲೇ ಹೇಳಿದಳು. ನಿನ್ನೆ ಬೆಳಗಿನಿಂದ ಅವಳ ದನಿ ಹೀಗೇ ಇತ್ತು. ಅಮ್ಮ ಏಳಲಿಲ್ಲವೆಂದು ಅಣ್ಣನಿಗೆ ಫೋನು ಮಾಡಿದ್ದೂ ಇದೇ ದನಿಯಲ್ಲಿ. ಎದುರು ಮನೆಯವರು ಪಿಸುಗುಟ್ಟಿದ್ದು ಅವಳ ಕಿವಿಗೂ ಬಿದ್ದಿತ್ತು: ಒಂದು ಹನಿ ಕಣ್ಣೀರಿಲ್ಲ ನೋಡಿ, ಕಲ್ಲು. ಅದು ನಿಜವಿರಬಹುದು ಅಂತ ಅವಳಿಗೂ ಅನ್ನಿಸಿತ್ತು. ಒಳಗೆ ಏನಾದರೂ ಇದೆಯೇ ಎಂದು ತಡಕಿ ನೋಡಿದರೆ ಅರಿವಳಿಕೆ ಚುಚ್ಚಿಸಿಕೊಂಡ ದವಡೆಯ ಹಾಗೆ ಜೋಮು ಮಾತ್ರ ಸಿಗುತ್ತಿತ್ತು.

* * *

ಅಮ್ಮ ಬಲ್ಬ್ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಸೇರಿದ್ದು ಹುಡುಗಿಯಾಗಿ, ಬಿಟ್ಟದ್ದು ಕನ್ನಡಕ ಬಂದ ಮೇಲೆ. ಅಲ್ಲಿನ ಕೆಲಸ ಹೀಗೆ: ಡಬ್ಬ ತುಂಬು, ಸಂದುಗಳಿಗೆ ಹುಲ್ಲು ತುರುಕು, ಮುಚ್ಚು, ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸು. ಒಳಗಿನಿಂದ ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟು. ಬರದಿದ್ದರೆ "ಹೋಗಬಹುದು" ಎಂದು ಮುಂದಿನವಳ ಕಡೆ ತಳ್ಳು.

"ಸಾಮಾನು ಒಡೆಯೋದು ಬಿದ್ದಾಗ ಅಲ್ಲ, ಅಲ್ಲಾಡಿದಾಗ," ಎನ್ನುತ್ತಿದ್ದಳು ಮನೆಯಲ್ಲೂ. ಮಕ್ಕಳ ಊಟದ ಡಬ್ಬಿ, ಶಾಲೆಯ ಚೀಲ, ಪ್ರವಾಸದ ಸೂಟ್‌ಕೇಸು, ಯಾವುದೂ ಅವಳ ಕಿವಿಯ ಪರೀಕ್ಷೆ ಪಾಸಾಗದೆ ಬಾಗಿಲು ದಾಟುತ್ತಿರಲಿಲ್ಲ. "ನನ್ನನ್ನೂ ಒಂದ್ಸಲ ಎತ್ತಿ ಅಲ್ಲಾಡಿಸಿ ನೋಡೇ, ಯಾವ ಸ್ಕ್ರೂ ಸಡಿಲ ಆಗಿದೆ ಅಂತ," ಎಂದು ಅಪ್ಪ ಬದುಕಿದ್ದಷ್ಟು ದಿನ ರೇಗಿಸುತ್ತಿದ್ದ. "ನಿಮ್ಮದು ಅಲ್ಲಾಡಿಸದೇ ಕೇಳ್ಸುತ್ತೆ," ಎನ್ನುತ್ತಿದ್ದಳು.

ಮಗಳು ಮದುವೆಯಾಗಿ ಹೋಗುವಾಗ ಟ್ರಂಕು ಕಟ್ಟಿದವಳೂ ಅವಳೇ. ಎರಡು ವರ್ಷದ ಮೇಲೆ ಮಗಳು ಅದೇ ಟ್ರಂಕಿನೊಂದಿಗೆ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಾಗ ಅಮ್ಮ ಏನು, ಯಾಕೆ ಎಂದು ಕೇಳಲಿಲ್ಲ. ಟ್ರಂಕು ತೆರೆದು ನೋಡಿ, "ನೀನೇ ಕಟ್ಟಿದ್ದಾ? ಎಲ್ಲ ಕುಲುಕಿ ಹೋಗಿದೆ," ಎಂದಳು. ಒಂದೊಂದೇ ಬಟ್ಟೆ ತೆಗೆದು, ಮಡಿಸಿ, ಬೀರುವಿನಲ್ಲಿಟ್ಟಳು. ಆಮೇಲೆ ಆ ಮಾತು ಮನೆಯಲ್ಲಿ ಬರಲೇ ಇಲ್ಲ.

ಪಿಂಗಾಣಿ ಸೆಟ್ ಅಮ್ಮನ ಅತ್ತೆಯದು, ಅತ್ತೆಗೆ ಅವರ ತಾಯಿಯಿಂದ ಬಂದದ್ದು. ಬಿಳಿ ಮೈ, ಅಂಚಿಗೆ ನೀಲಿ ಪಟ್ಟಿ, ಅದರ ಕೆಳಗೆ ಕೂದಲೆಳೆಯಷ್ಟು ಬಂಗಾರದ ಗೆರೆ. ಕಪ್ಪನ್ನು ಬೆಳಕಿಗೆ ಹಿಡಿದರೆ ಆಚೆಯ ಬೆರಳ ನೆರಳು ಕಾಣುತ್ತಿತ್ತು. "ನನ್ನ ಹೆಣ್ಮಕ್ಕಳ ಕೈ ತೂತು," ಎಂದಿದ್ದರು ಅತ್ತೆ, ಹಾಸಿಗೆ ಹಿಡಿದಾಗ. "ಇವಳ ಕೈಯಲ್ಲಿ ಬಲ್ಬೇ ಒಡೆಯಲ್ಲ. ಇವಳಿಗೇ ಇರ್ಲಿ." ಅವತ್ತು ಮುಖ ತಿರುಗಿಸಿದ ನಾದಿನಿಯರು ಮತ್ತೆ ಈ ಕಡೆ ನೋಡಲಿಲ್ಲ. ಸೆಟ್ ಗಾಜಿನ ಬೀರುವಿನಲ್ಲಿ ಕೂತಿತು. ಅದರಲ್ಲಿ ಯಾರೂ ಟೀ ಕುಡಿಯಲಿಲ್ಲ.

"ಇಬ್ಬರಿಗೂ ಹಂಚಿದ್ರೆ ಅರ್ಧ ಸೆಟ್ಟು, ಒಬ್ಬರಿಗೆ ಕೊಟ್ರೆ ಅರ್ಧ ಮನೆ," ಎಂದಿದ್ದಳು ಅಮ್ಮ ಹೋದ ವಾರ. "ಯಾರದ್ದೋ ಮನೆ ಸೇರ್ಲಿ. ನೀನು, ನಿಮ್ಮಣ್ಣ ಮಾತಾಡ್ಕೊಂಡಿರಿ, ಸಾಕು. ಭಾನುವಾರ ಅವನು ಬರ್ತಾನೆ. ನಾನು ಇದ್ರೂ ಇಲ್ದಿದ್ರೂ ಕೊಟ್ಬಿಡು. ಮಾತು ಕೊಟ್ಟಾಗಿದೆ."

ಮೊನ್ನೆ ಇಡೀ ದಿನ ಕೋಣೆಯ ಬಾಗಿಲು ಹಾಕಿಕೊಂಡು ಕಟ್ಟಿದಳು. ಸಂಜೆ ಸೊಂಟ ಹಿಡಿದುಕೊಂಡು ಹೊರಗೆ ಬಂದು, "ಹೋಗಬಹುದು," ಎಂದಳು.

* * *

"ಇವತ್ತಾ?" ಎಂದ ಮಗ. "ಅಮ್ಮ ಹಾಲಲ್ಲಿ ಮಲಗಿದಾಳೆ, ನಾವಿಲ್ಲಿ ವ್ಯಾಪಾರ ಮಾಡ್ಕೊಂಡು ಕೂತ್ರೆ ಜನ ಏನಂತಾರೆ?"

"ಅಂದ್ಕೊಳ್ಳಲಿ."

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಆವಾಗ್ಲೇ ಹೇಳ್ತಿದ್ದೆ ಈ ಸೆಟ್ ನೋಡಿ," ಎಂದಳು ಚಿಕ್ಕಮ್ಮ. ತಾನು ಯಾರ ಹೆಗಲ ಮೇಲೆ ಅತ್ತೆನೆಂದು ಗೊತ್ತಾದಾಗಿನಿಂದ ಅವಳು ಆ ಮನುಷ್ಯನ ಮುಖ ನೋಡುತ್ತಿರಲಿಲ್ಲ. "ಕೊಟ್ಟು ಕೈ ತೊಳ್ಕೊಳ್ಳಿ. ಅಕ್ಕನ ಮಾತು ಉಳೀಲಿ."

ಅಮ್ಮನ ಕೋಣೆಯಲ್ಲಿ ಮಂಚದ ಪಕ್ಕ ಎರಡು ರಟ್ಟಿನ ಡಬ್ಬಗಳಿದ್ದವು. ಸುತ್ತ ಸೆಣಬಿನ ದಾರ, ಮೇಲೆ ಗಂಟು. ಪ್ಯಾಕಿಂಗಿನವರು ಹಾಕುವ ಚಪ್ಪಟೆ ಗಂಟು, ಡಬ್ಬದ ಮೇಲೆ ಡಬ್ಬ ಕೂತರೆ ಒತ್ತದ ಹಾಗೆ.

"ಹೀಗೇ ತಗೊಂಡು ಹೋಗಿ," ಎಂದಳು ಮಗಳು.

ವ್ಯಾಪಾರಿ ಕತ್ತು ತುರಿಸಿಕೊಂಡ. "ಬಿಚ್ಚಿ ನೋಡ್ದೆ ಹೇಗಮ್ಮಾ? ಪಿಂಗಾಣಿ ವಿಷಯ. ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ರೂ ಸೆಟ್ ಸತ್ತ ಹಾಗೆ..." ಬಾಯಿಗೆ ಬಂದ ಮಾತಿಗೆ ತಾನೇ ನಾಲಿಗೆ ಕಚ್ಚಿಕೊಂಡ.

"ಅಮ್ಮ ಕಟ್ಟಿದ್ದು. ಒಂದೂ ಒಡೆದಿರಲ್ಲ."

"ಇರಬಹುದು. ಆದ್ರೂ ಕಣ್ಣಲ್ಲಿ ನೋಡ್ಬೇಕು. ಇಲ್ಲಾಂದ್ರೆ ಬಿಡಿ, ನಂಗೇನೂ ಬೇಜಾರಿಲ್ಲ."

"ಬಿಡು ಹಾಗಾದ್ರೆ," ಎಂದ ಮಗ ಬೇಗನೆ. "ಹಾಗೇ ಇರ್ಲಿ. ಅಮ್ಮ ಕಟ್ಟಿಟ್ಟ ಹಾಗೇ."

ಮಗಳಿಗೂ ಬೇಕಾದದ್ದು ಅದೇ. ಅಮ್ಮನ ಕೈ ಮಾಡಿದ ಕೊನೆಯ ಕೆಲಸ ಈ ಗಂಟು. ಬಿಚ್ಚಿದರೆ ಅದೂ ಮುಗಿಯುತ್ತದೆ, ಮತ್ತೆ ಯಾರೂ ಹಾಕಲಾರರು. ಬಿಚ್ಚದಿದ್ದರೆ ಅಮ್ಮ ಕೊಟ್ಟ ಮಾತು ಹೋಗುತ್ತದೆ. ಅವಳು ನಿಂತೇ ಇದ್ದಳು. ಹೊರಗೆ ಯಾರೋ ಕುರ್ಚಿ ಎಳೆದರು, ಕೆಳಗೆ ವ್ಯಾನಿನ ಹಾರನ್ನು ಒಂದು ಸಲ ಕೂಗಿತು.

ಚಿಕ್ಕಮ್ಮ ಚಾಕು ಚಾಚಿದಳು. ಮಗಳು ಬೇಡವೆಂದು ತಲೆಯಾಡಿಸಿ ನೆಲದ ಮೇಲೆ ಕೂತು ಉಗುರಿನಿಂದ ಗಂಟು ಮೀಟಿದಳು. ಅಮ್ಮ ದಾರ ಕತ್ತರಿಸಿದವಳಲ್ಲ. ಗಂಟು ನಿಧಾನವಾಗಿ, ಬೇಜಾರಿಲ್ಲದ ಹಾಗೆ ಬಿಚ್ಚಿಕೊಂಡಿತು.

ಒಳಗೆ ಪೇಪರಿರಲಿಲ್ಲ. ಪೇಪರು ಮಸಿ ಬಿಡುತ್ತದೆ ಎಂದು ಅಮ್ಮನಿಗೆ ಯಾವಾಗಲೂ ದೂರು. ಒಳಗಿದ್ದದ್ದು ಬಟ್ಟೆ. ಮೇಲಿನ ಪದರ ಫ್ಯಾಕ್ಟರಿಯ ನೀಲಿ ಕೋಟು. ಅದರಡಿ ತಟ್ಟೆಗಳ ನಡುನಡುವೆ ಅಪ್ಪನ ಬನಿಯನ್ನುಗಳು, ಒಗೆದು ಒಗೆದು ಜಾಲರಿಯಾದವು. ಪ್ರತಿ ಕಪ್ಪಿನ ಹೊಟ್ಟೆಯಲ್ಲೂ ಒಂದು ಮಗುವಿನ ಕಾಲುಚೀಲ. ಸಕ್ಕರೆ ಬಟ್ಟಲಿಗೆ ಮಗಳ ಹಳದಿ ಫ್ರಾಕು. ಟೀ ಪಾಟನ್ನು ಸುತ್ತಿದ್ದ ಖಾಕಿ ಬಟ್ಟೆಯನ್ನು ಬಿಡಿಸಿದ ಮಗ ಅದನ್ನು ಕೈಯಲ್ಲಿ ಹಿಡಿದು ನೋಡಿದ.

"ಇದು ನನ್ನ ಚಡ್ಡಿ," ಎಂದ. "ಒಂದನೇ ಕ್ಲಾಸಿಂದು. ಹಿಂದೆ ತೇಪೆ ಇದೆ ನೋಡು."

"ಅದರಲ್ಲಿ ಇನ್ನೂ ಏನೇನಿದೆಯೋ," ಎಂದಳು ಚಿಕ್ಕಮ್ಮ. ಮಗನಿಗೆ ನಗು ಬಂತು. ನಗು ಅರ್ಧಕ್ಕೆ ಹೋಗಿ ಅಳುವಾಯಿತು. ಅವನು ಗೋಡೆಯ ಕಡೆ ತಿರುಗಿ ಚಡ್ಡಿಯಲ್ಲೇ ಮುಖ ಒರೆಸಿಕೊಂಡ. ಮಗಳು ಅವನ ಬೆನ್ನು ನೋಡುತ್ತ ಕೂತಳು. ಅವಳಿಗೆ ಏನೂ ಬರಲಿಲ್ಲ.

ವ್ಯಾಪಾರಿ ಒಂದೊಂದು ಕಪ್ಪನ್ನೂ ಕಿಟಕಿಗೆ ಹಿಡಿದು, ಉಗುರಿನಿಂದ ತಟ್ಟಿ, ಕಿವಿಗೊಟ್ಟ. ಒಂದೂ ಒಡೆದಿರಲಿಲ್ಲ. ಹಣ ಚಿಕ್ಕಮ್ಮನ ಕೈಗೆ ಕೊಟ್ಟ. ತಾನು ತಂದ ಪೇಪರಿನಲ್ಲಿ ಸುತ್ತಿ ಬುಟ್ಟಿಗಳಲ್ಲಿ ಜೋಡಿಸಿಕೊಂಡ.

"ಬಟ್ಟೆ ನಂಗೆ ಬೇಡಮ್ಮಾ."

ಬುಟ್ಟಿ ಎತ್ತಿದಾಗ ಒಳಗೆ ಸಣ್ಣಗೆ ಟಿಕ್ ಎಂದಿತು. ಮಗಳು ಕೇಳಿಸಿಕೊಂಡಳು. ಅದು ಈಗ ಅವನ ಸೊತ್ತು.

* * *

ಪೆಟ್ಟಿಗೆಯಲ್ಲಿಟ್ಟಾಗ ಅಮ್ಮ ಇನ್ನೂ ಸಣ್ಣವಳಾಗಿ ಕಂಡಳು. ಸುತ್ತ ಎಲ್ಲ ಕಡೆ ಜಾಗ. ಮಗ ತಲೆ ತಗ್ಗಿಸಿಕೊಂಡು ನಿಂತ. ಮುಚ್ಚಳ ಹಾಕಿದರು. ಹೊರುವುದಕ್ಕೆ ಗಂಡಸರು ಕಡಿಮೆ ಬಿದ್ದರು. ವ್ಯಾಪಾರಿ ಬುಟ್ಟಿಗಳನ್ನು ಬಾಗಿಲ ಬಳಿಯಿಟ್ಟು, ಯಾರೂ ಕರೆಯದೆಯೇ ಬಂದು ಒಂದು ಮೂಲೆ ಹಿಡಿದ.

ಮೆಟ್ಟಿಲ ತಿರುವಿಗೆ ಬಂದಾಗ ಮತ್ತೆ ಅದೇ ಕತೆ. "ಓರೆ ಮಾಡಿ, ಮೆಲ್ಲಗೆ," ಎಂದ ಡ್ರೈವರ್. ಓರೆ ಮಾಡಿದರು. ಪೆಟ್ಟಿಗೆಯ ಒಳಗೆ ಏನೋ ಜಾರಿ ಕಾಲಿನ ಕಡೆಯ ಹಲಗೆಗೆ ದಡ್ ಎಂದು ತಾಗಿತು.

ಎಲ್ಲರೂ ನಿಂತಲ್ಲೇ ನಿಂತರು. ಅದೇನು ಸದ್ದೆಂದು ಎಲ್ಲರಿಗೂ ಗೊತ್ತಿತ್ತು.

"ವಾಪಸ್ ತನ್ನಿ," ಎಂದಳು ಮಗಳು ಮೇಲಿನಿಂದ.

"ಹೊತ್ತಾಗುತ್ತಮ್ಮಾ," ಎಂದ ಡ್ರೈವರ್. "ಸ್ಮಶಾನದಲ್ಲಿ ಕಾಯ್ತಿರ್ತಾರೆ..."

"ಅಲ್ಲಾಡ್ತಿದೆ. ವಾಪಸ್ ತನ್ನಿ."

ತಂದರು. ಮುಚ್ಚಳ ತೆಗೆಸಿದಳು. ಕೋಣೆಯಿಂದ ಬಟ್ಟೆಗಳನ್ನು ಬಾಚಿಕೊಂಡು ಬಂದು ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು. ಅಮ್ಮನನ್ನು ಮೇಲೆ ಸರಿಸಿ, ಕಾಲಿನ ಕಡೆ ಮೊದಲು ನೀಲಿ ಕೋಟು, ಮಡಿಸಿ ಮಡಿಸಿ ಗಟ್ಟಿ ಮಾಡಿ. ಎರಡೂ ತೋಳಿನ ಪಕ್ಕ ಅಪ್ಪನ ಬನಿಯನ್ನುಗಳು. ತಲೆ ವಾಲದ ಹಾಗೆ ಈ ಕಡೆ ಹಳದಿ ಫ್ರಾಕು.

"ಆ ಕಡೆಗೆ ಕೊಡೋ ಅಣ್ಣಾ."

ಮಗ ಜೇಬಿನಿಂದ ಚಡ್ಡಿ ತೆಗೆದು ಕೊಟ್ಟ. ಅದನ್ನು ಅವಳು ಅಮ್ಮನ ಕೆನ್ನೆಗೂ ಹಲಗೆಗೂ ನಡುವೆ ಸೇರಿಸಿದಳು. ಕಾಲುಚೀಲಗಳನ್ನು ಒಂದೊಂದಾಗಿ ಉಳಿದ ಸಂದುಗಳಿಗೆ ತುರುಕಿದಳು. ಬೆರಳಿನಿಂದ ಒತ್ತಿ ನೋಡಿದಳು, ಭುಜದ ಹತ್ತಿರ ಸಡಿಲವೆನಿಸಿ ತೆಗೆದು ಮತ್ತೆ ಮಡಿಸಿ ಇಟ್ಟಳು. ಚಿಕ್ಕಮ್ಮ ತನ್ನ ಹೆಗಲ ಮೇಲಿನ ಶಾಲು ತೆಗೆದು, ಕೇಳದೆಯೇ, ಮಂಡಿಗಳ ಪಕ್ಕ ಇಟ್ಟಳು.

ಮತ್ತೆ ಎತ್ತಿದರು. ತಿರುವಿನಲ್ಲಿ ಡ್ರೈವರ್ ಅನುಮಾನದಿಂದ ಮೇಲೆ ನೋಡಿದ.

"ನಿಲ್ಲಿಸಿ," ಎಂದಳು ಮಗಳು. "ಬೀರು ಸಾಗಿಸೋ ಹಾಗೆ. ಪರವಾಗಿಲ್ಲ."

ವ್ಯಾಪಾರಿ ಬೆನ್ನು ಕೊಟ್ಟ. ಪೆಟ್ಟಿಗೆ ಮೆಲ್ಲಗೆ ಏಳುತ್ತ ನೇರವಾಗಿ ನಿಂತಿತು. ಕೆಳಗಿನ ಮೆಟ್ಟಿಲಲ್ಲಿದ್ದ ಮಗ ಅದನ್ನು ಕತ್ತೆತ್ತಿ ನೋಡಿದ. ಮಗಳು ಇಳಿದು ಬಂದು ಮರಕ್ಕೆ ಕಿವಿ ಹಚ್ಚಿ, ಎರಡೂ ಕೈಯಿಂದ ಪೆಟ್ಟಿಗೆಯನ್ನು ಹಿಡಿದು ಒಂದು ಸಲ ಅಲ್ಲಾಡಿಸಿದಳು. ಉಸಿರು ಹಿಡಿದು ಕೇಳಿದಳು.

"ಏನಮ್ಮಾ?" ಎಂದ ಡ್ರೈವರ್.

"ಹೋಗಬಹುದು," ಎಂದಳು. ಹೇಳಿದ ಮೇಲೆ ಅವಳ ಗಲ್ಲ ನಡುಗತೊಡಗಿತು. ಹೊತ್ತವರು ಕಾಯುತ್ತಿದ್ದರು. ಅವಳು ಕಿವಿಯನ್ನು ಮರದಿಂದ ತೆಗೆಯಲಿಲ್ಲ.