ಉಸಿರು ಹಿಡ್ಕೊಳ್ಳಿ

‘ಹೂಂ’ ಅಂದದ್ದು ಹೆಂಡತಿಗಲ್ಲ.

ಎಡಗಿವಿಯ ಇಯರ್‌ಫೋನಿನಲ್ಲಿದ್ದ ಪಾಡ್‌ಕಾಸ್ಟಿನವನು ‘ನೀವು ಸಂತೋಷಕ್ಕೆ ಅರ್ಹರು, ಒಪ್ಪುತ್ತೀರಾ?’ ಎಂದು ಕೇಳಿದ್ದ. ಅದಕ್ಕೆ ಇವನು ಹಲ್ಲುಜ್ಜುತ್ತಲೇ ‘ಹೂಂ’ ಅಂದಿದ್ದ. ಅದೇ ಗಳಿಗೆಯಲ್ಲಿ ಬಚ್ಚಲ ಬಾಗಿಲಲ್ಲಿ ನಿಂತ ಹೆಂಡತಿ, ‘ವರ್ಗಾವಣೆಗೆ ಅರ್ಜಿ ಕೊಟ್ಬಿಡ್ಲಾ? ಸ್ವಲ್ಪ ದಿನ ಬೇರೆ ಬೇರೆ ಇದ್ದು ನೋಡೋಣ್ವಾ?’ ಎಂದಿದ್ದಳು. ಆ ಮಾತು ಬಲಗಿವಿಯಿಂದ ಮಿದುಳಿಗೆ ತಲುಪುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ ತನ್ನ ಶಾಲೆಗೆ ಹೊರಟಾಗಿತ್ತು.

ಅರ್ಜಿಗೆ ಇವತ್ತು ನಾಲ್ಕು ಗಂಟೆಯವರೆಗೆ ಗಡುವು. ಅಷ್ಟರೊಳಗೆ ‘ಬೇಡ’ ಅನ್ನಬೇಕು. ಅಷ್ಟೇ.

ಸಂತೋಷದ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಭೂಮಂಡಲದಲ್ಲಿರಲಿಲ್ಲ. ನಾಲ್ಕು ವರ್ಷ ಕೇಳಿದ ಪಾಡ್‌ಕಾಸ್ಟುಗಳನ್ನು ಹಗ್ಗವಾಗಿ ಹೊಸೆದಿದ್ದರೆ ಚಂದ್ರನಿಗೆ ಎರಡು ಸುತ್ತು ಬಿಗಿದು, ಉಳಿದದ್ದರಲ್ಲಿ ಊರಿನವರ ಬಟ್ಟೆಯನ್ನೆಲ್ಲ ಒಣಹಾಕಬಹುದಿತ್ತು. ಅದೂ ದುಪ್ಪಟ್ಟು ವೇಗದಲ್ಲಿ ಕೇಳಿದ್ದು. ಹಾಗಾಗಿ ಎದುರಿಗಿದ್ದವರು ಮಾತಾಡಿದರೆ ಅವರ ಬ್ಯಾಟರಿ ಮುಗಿಯುತ್ತಿದೆಯೇನೋ ಅನ್ನಿಸುತ್ತಿತ್ತು. ಸಂತೋಷ ಮಾತ್ರ ಯಾವಾಗಲೂ ಮುಂದಿನ ಎಪಿಸೋಡಿನಲ್ಲಿರುತ್ತಿತ್ತು.

ತಾನು ಕೆಲಸ ಮಾಡುವ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಬೆಳಿಗ್ಗೆಯಿಂದ ಐದು ಸಲ ಫೋನು ಕೈಗೆತ್ತಿಕೊಂಡ. ಪ್ರತಿಸಲವೂ ಮೊದಲು ‘ಕಷ್ಟದ ಮಾತಿಗೆ ಏಳು ಸೂತ್ರ’ವನ್ನು ಇನ್ನೊಮ್ಮೆ ಕೇಳಿಬಿಡೋಣ ಅಂದುಕೊಂಡ. ನಾಲ್ಕನೆಯ ಸೂತ್ರಕ್ಕೆ ಯಾರದೋ ಮೊಣಕಾಲು ಒಳಗೆ ಬರುತ್ತಿತ್ತು, ಇಲ್ಲವೇ ಯಾರದೋ ಸೊಂಟ. ಊರಿನ ಅರ್ಧಕ್ಕರ್ಧ ಮೂಳೆ ಅವತ್ತೇ ಮುರಿದುಕೊಂಡಿತ್ತು.

‘ಏನ್ ಸಾರ್, ಮುಖ ಸುಟ್ಟೋದ ಬಲ್ಬ್ ಥರ ಇದೆ,’ ಅಂದಳು ನರ್ಸ್.

‘ಚೆನ್ನಾಗೇ ಇದೀನಲ್ಲ.’

‘ಮುಖಕ್ಕೂ ಒಂದ್ಮಾತು ತಿಳಿಸಿ ಮತ್ತೆ.’

ಮೂರೂವರೆಗೆ ಬಂದದ್ದು ಒಬ್ಬ ಅಜ್ಜ. ಎದೆಯ ಎಕ್ಸ್‌ರೇ. ಅಂಗಿ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟ.

‘ಎದೆ ಪ್ಲೇಟಿಗೆ ಒತ್ತಿ ಅಜ್ಜ. ಉಸಿರು ಎಳ್ಕೊಂಡು ಹಿಡ್ಕೋಬೇಕು. ನಾನು ಹೇಳೋವರೆಗೂ ಬಿಡಬಾರ್ದು.’

‘ಹೇಳಿದ್ ಮಾತು ಮೀರೋನಲ್ಲಪ್ಪ ನಾನು. ಬೇಕಾದ್ರೆ ಹೊರಗೆ ಕೂತಿದಾಳೆ ನಮ್ಮವಳು, ಕೇಳು.’

ಅವನು ಗಾಜಿನ ಹಿಂದೆ ಹೋದ. ‘ಎಳ್ಕೊಳ್ಳಿ. ಹಿಡ್ಕೊಳ್ಳಿ.’ ಗುಂಡಿ ಒತ್ತಿದ.

‘ಬಿಡಿ’ ಅನ್ನುವ ಮೊದಲೇ ಮೇಜಿನ ಮೇಲೆ ಫೋನು ನಡುಗಿತು. ಹೆಂಡತಿ.

‘ಸಹಿ ಹಾಕೋಕೆ ಕೂತಿದೀನಿ. ಬೆಳಿಗ್ಗೆ ಹೂಂ ಅಂದ್ರಲ್ಲ, ಕೇಳಿಸ್ಕೊಂಡೇ ಅಂದ್ರಾ?’

‘ನಿನ್ನ ಭಾವನೆಗಳಿಗೆ ನಾನು ಜಾಗ ಮಾಡಿಕೊಡ್ತಾ ಇದೀನಿ.’

ಆ ಕಡೆ ಅವಳು ಪೆನ್ನು ಕೆಳಗಿಟ್ಟ ಸದ್ದು.

‘ಇದು ಯಾವ ಎಪಿಸೋಡು?’

‘ಇನ್ನೂರ ಹದಿನಾರು.’

ಅವಳು ನಕ್ಕಳೋ, ಮೂಗು ಒರೆಸಿಕೊಂಡಳೋ. ‘ನಿಮ್ಮದೇ ಅಂತ ಒಂದು ಮಾತು ಹೇಳಿ ಸಾಕು. ಬೈದ್ರೂ ಪರವಾಗಿಲ್ಲ. ಹರಿದು ಹಾಕಿ ಮನೆಗೆ ಬರ್ತೀನಿ.’

ಅವನು ಹುಡುಕಿದ. ತಲೆಯೊಳಗೆ ಜಾತ್ರೆಯಷ್ಟು ಜನ ನೆರೆದಿದ್ದರು. ಎಲ್ಲರದ್ದೂ ಬೆಣ್ಣೆಯಂಥ ಕಂಠ. ಒಬ್ಬ ಕೃತಜ್ಞತೆ ಹಿಡಿದು ಬಂದ, ಇನ್ನೊಬ್ಬ ಕ್ಷಮೆ, ಮತ್ತೊಬ್ಬ ಮುಂಜಾನೆ ಐದು ಗಂಟೆಯ ತಣ್ಣೀರು. ಅವರನ್ನೆಲ್ಲ ತಳ್ಳಿಕೊಂಡು ಹಿಂದೆ ಹೋದ, ಇನ್ನೂ ಹಿಂದೆ. ಅಲ್ಲಿ ‘ಬೇಡ’ ಎಂಬ ಪದವೇನೋ ಇತ್ತು. ಅದನ್ನು ಆಡುವ ದನಿ ಇರಲಿಲ್ಲ.

‘ಹಲೋ. ಇದೀರಾ?’

ಗಾಜಿನಾಚೆ ಅಜ್ಜ ಪ್ಲೇಟನ್ನು ತಬ್ಬಿ ನಿಂತೇ ಇದ್ದ. ಕಿವಿಯ ತುದಿ ಕೆಂಪೇರಿ ನೇರಳೆಗೆ ತಿರುಗುತ್ತಿತ್ತು. ಹೆಗಲು ಸಣ್ಣಗೆ ಅದುರುತ್ತಿತ್ತು. ತಿರುಗಿ ನೋಡಲಿಲ್ಲ.

ಪರದೆಯ ಮೇಲೆ ಚಿತ್ರ ಮೂಡಿತು. ಅವನ ಇಡೀ ನೌಕರಿಯಲ್ಲಿ ಇಷ್ಟು ಸ್ವಚ್ಛವಾದದ್ದು ಬಂದಿರಲಿಲ್ಲ, ಕೂದಲೆಳೆಯಷ್ಟೂ ಕದಲಿಲ್ಲ. ಬೆಳ್ಳಗಿನ ಪಕ್ಕೆಲುಬುಗಳ ಹಿಂದೆ ಎರಡೂ ಶ್ವಾಸಕೋಶದ ತುಂಬ, ಅಂಚಿನವರೆಗೂ, ಕಪ್ಪಗೆ ನಿಂತ ಗಾಳಿ. ಫೋನು ಕಿವಿಗಿಟ್ಟುಕೊಂಡು, ಬಾಯಿ ತೆರೆದು, ಅವನು ಅದನ್ನೇ ನೋಡುತ್ತಿದ್ದ.