ನೂರಿಪ್ಪತ್ತು ಕಟಿಂಗಿನ ಸಂಬಳ

ಆ ಬೀದಿಯ ಕ್ಷೌರದ ಅಂಗಡಿಯವನನ್ನು ಜನ ರೇಡಿಯೋ ಎಂದು ಕರೆಯುತ್ತಿದ್ದರು. ಹೆಸರಿಟ್ಟವರು ಅಷ್ಟು ಯೋಚನೆ ಮಾಡಿದ ಹಾಗಿಲ್ಲ, ಯಾಕೆಂದರೆ ರೇಡಿಯೋಗೆ ನಿಲ್ಲಿಸುವ ಗುಂಡಿಯಾದರೂ ಇರುತ್ತದೆ. ಇವನು ಗಿರಾಕಿಯ ಕೊರಳಿಗೆ ಬಟ್ಟೆ ಕಟ್ಟಿದನೆಂದರೆ ಮಾತು ಶುರು. ಕುತ್ತಿಗೆಗೆ ಪೌಡರ್ ಹಚ್ಚಿ ಬಟ್ಟೆ ಕೊಡವುವ ತನಕ ನಿಲ್ಲುವಂತಿಲ್ಲ. ಗಿರಾಕಿಗೆ ಹೂಂ ಅನ್ನುವುದಕ್ಕೂ ಪುರುಸೊತ್ತು ಸಿಗುತ್ತಿರಲಿಲ್ಲ. ಅಡ್ಡ ಮಾತಾಡೋಣವೆಂದರೆ ಕತ್ತರಿ ಕಿವಿಯ ಹತ್ತಿರವೇ ಆಡುತ್ತಿರುತ್ತಿತ್ತು, ಯಾರಿಗೆ ಬೇಕು ಆ ಸಾಹಸ.

ಅವನ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಅವಳದು ಅಳೆದು ಸುರಿದು ಆಡುವ ಮಾತು. "ಬಂದೆ", "ಊಟ ಆಯ್ತಾ", "ಮಲಗ್ತೀನಿ" ಎನ್ನುವುದರಲ್ಲಿ ಅವಳ ದಿನ ಮುಗಿಯುತ್ತಿತ್ತು. ಇಂಥವಳಿಗೆ ಪರದೇಶದ ಸೈನ್ಯದಿಂದ ಕರೆ ಬಂತು. ಕೋವಿ ಹಿಡಿಯುವ ಕೆಲಸವಲ್ಲ. ಆ ಸೈನ್ಯದ ಆಸ್ಪತ್ರೆಯಲ್ಲಿ ನರ್ಸಿನ ಕೆಲಸ. ಆದರೂ ಸಮವಸ್ತ್ರ ತೊಡಬೇಕು, ಹೆಗಲ ಮೇಲೆ ಪಟ್ಟಿ ಇರುತ್ತದೆ, ಐದು ವರ್ಷದ ಕರಾರು. ಗಂಡನನ್ನು ಕರೆದುಕೊಂಡು ಬರಬಹುದು. ಮನೆ ಅವರೇ ಕೊಟ್ಟು ಬಾಡಿಗೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಬರುತ್ತೀಯೋ ಇಲ್ಲವೋ ಎಂದು ಶನಿವಾರದೊಳಗೆ ತಿಳಿಸಬೇಕು.

"ನಂಗೆ ಹೋಗ್ಬೇಕು ಅಂತ ಆಸೆ ಇದೆ" ಎಂದು ಅವಳು ಊಟದ ಹೊತ್ತಿನಲ್ಲಿ ಹೇಳಿದಳು. "ಅಲ್ಲಿ ಖರ್ಚು ಜಾಸ್ತಿ ಅಂತಾರೆ. ನೀವು ಸರಿಯಾಗಿ ವಿಚಾರಿಸಿ ಲೆಕ್ಕ ಹಾಕಿ. ಗಿಟ್ಟುತ್ತೆ ಅಂದ್ರೆ ಹೋಗೋಣ, ಇಲ್ಲಾಂದ್ರೆ ಬೇಡ ಅಂತ ಬರೆದುಬಿಡ್ತೀನಿ."

ಅವಳ ಬಾಯಿಂದ ಒಂದೇ ಉಸಿರಿಗೆ ಇಷ್ಟು ಮಾತು ಬಂದದ್ದು ಮದುವೆಯಾದ ಮೇಲೆ ಅದೇ ಮೊದಲಿರಬೇಕು. ರೇಡಿಯೋ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೂತ. ಆ ದೇಶದ ಭಾಷೆ ಅವನಿಗೆ ಒಂದಕ್ಷರ ಬರುತ್ತಿರಲಿಲ್ಲ. ಅವಳು ಆಸ್ಪತ್ರೆಗೆ ಹೋದ ಮೇಲೆ ನಾನು ಯಾರ ಜೊತೆ ಮಾತಾಡಲಿ, ಗೋಡೆಯ ಜೊತೆಯಾ ಎಂಬ ಭಯ ಬಂದದ್ದೇ ತಡ, ತುತ್ತನ್ನು ಮತ್ತೆ ತಟ್ಟೆಗೆ ಹಾಕಿದ. ಊರಿನವರ ಗುಟ್ಟನ್ನೆಲ್ಲ ಊರಿಗೇ ಹಂಚುವ ಗಂಡಸು ಇದೊಂದನ್ನು ಮಾತ್ರ ಹೆಂಡತಿಗೂ ಹೇಳಲಿಲ್ಲ. "ಆಗ್ಲಿ, ನೋಡ್ತೀನಿ" ಎಂದ.

ಈಗ ಇವನು ಲೆಕ್ಕ ಹಾಕುವ ರೀತಿ ಹೇಳಬೇಕು. ಕತ್ತರಿ ಹಿಡಿದ ದಿನದಿಂದ ಇವನಿಗೆ ಪ್ರಪಂಚದಲ್ಲಿ ಒಂದೇ ಅಳತೆ, ಅದು ಕಟಿಂಗು. ಮನೆ ಬಾಡಿಗೆ ಎಷ್ಟು ಎಂದರೆ ಅರವತ್ತು ಕಟಿಂಗು. ಹೊಸ ಫ್ರಿಜ್ಜು ಇನ್ನೂರೈವತ್ತು ಕಟಿಂಗು. ಭಾವಮೈದುನನ ಮದುವೆಗೆ ಕೊಟ್ಟ ಕೈಗಡಿಯಾರ ಮೂವತ್ತು ಕಟಿಂಗು ಮತ್ತು ಎರಡು ಶೇವಿಂಗು. ಈ ಲೆಕ್ಕ ಇಷ್ಟು ವರ್ಷ ಅವನನ್ನು ಒಮ್ಮೆಯೂ ಹಳ್ಳಕ್ಕೆ ಕೆಡವಿರಲಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

ಮಾರನೆಯ ದಿನ ಬಸ್ ಕಂಡಕ್ಟರು ಕೂದಲು ಕತ್ತರಿಸಿಕೊಳ್ಳಲು ಬಂದ. ಅವನ ತಂಗಿಯ ಗಂಡ ಅದೇ ದೇಶದಲ್ಲಿದ್ದ. ರೇಡಿಯೋ ಬಟ್ಟೆ ಕಟ್ಟಿ, ಪ್ರಶ್ನೆ ಕೇಳಿ, ಅಪರೂಪಕ್ಕೆ ಉತ್ತರ ಬರುವವರೆಗೂ ಕಾದ.

"ಅಲ್ಲಿ ಕಟಿಂಗಾ?" ಎಂದ ಕಂಡಕ್ಟರು. "ಅದನ್ನ ಕೇಳ್ಬೇಡಣ್ಣ. ತಲೆಗೆ ಇಪ್ಪತ್ತೈದು, ಅವರ ದುಡ್ಡಲ್ಲಿ. ನಮ್ ತಂಗಿ ಗಂಡ ಮೂರು ತಿಂಗಳಿಗೊಂದ್ಸಲ ಮಾಡಿಸ್ತಾನೆ. ಉಳಿದ ದಿನ ಟೋಪಿ ಹಾಕ್ಕೊಂಡು ಓಡಾಡ್ತಾನೆ."

ಹೆಂಡತಿಗೆ ಹೇಳಿದ್ದ ಸಂಬಳ ಅದೇ ದುಡ್ಡಿನಲ್ಲಿ ತಿಂಗಳಿಗೆ ಮೂರು ಸಾವಿರ. ರೇಡಿಯೋ ಕನ್ನಡಿಯ ಮುಂದೆ ಕಣ್ಣು ಮುಚ್ಚಿ ಭಾಗಿಸಿದ. ನೂರಿಪ್ಪತ್ತು. ಅವನ ಮುಖ ಅರಳಿತು. ಇಲ್ಲಿ ಅವನ ಹರುಕು ಕುರ್ಚಿಯ ಅಂಗಡಿಯಲ್ಲೇ ತಿಂಗಳಿಗೆ ಮುನ್ನೂರು ಕಟಿಂಗು ಆಗುತ್ತಿತ್ತು. ಸಮುದ್ರ ದಾಟಿ, ಸಮವಸ್ತ್ರ ತೊಟ್ಟು, ಬೆಳಿಗ್ಗೆ ಎದ್ದು ಕವಾಯತು ಮಾಡಿ, ಬರೀ ನೂರಿಪ್ಪತ್ತು ಕಟಿಂಗಿನ ಸಂಬಳ. ಸಂಬಳದಲ್ಲಿ ಮುರಿದುಕೊಳ್ಳುವ ಸಾವಿರ ಬಾಡಿಗೆಯನ್ನೂ ಇದೇ ಲೆಕ್ಕದಲ್ಲಿ ನೋಡಿದರೆ ನಲವತ್ತೇ ಕಟಿಂಗು, ಇಲ್ಲಿಗಿಂತ ಅಗ್ಗ. ಅದು ಅವನಿಗೆ ಕಾಣದೆ ಇರಲಿಲ್ಲ. ಕಂಡೂ ಕಾಣದವನ ಹಾಗೆ ಕಂಡಕ್ಟರನ ಮೀಸೆಗೆ ಕೈ ಹಾಕಿದ.

ಸಂಜೆ ಮನೆಯಲ್ಲಿ ಅತ್ತೆಯೂ ಇದ್ದರು. ಅವರು ಪಕ್ಕದ ಬೀದಿಯಲ್ಲಿ ಮಗನ ಮನೆಯಲ್ಲಿರುವವರು. ಮಗಳಿಗೆ ಪಟ್ಟಿ ಹಾಕಿದ ಅಂಗಿ ಬರುತ್ತದೆಂದು ಕೇಳಿದಾಗಿನಿಂದ ಎರಡು ಹೊತ್ತೂ ಇಲ್ಲೇ ಬಂದು ಕೂರುತ್ತಿದ್ದರು. ರೇಡಿಯೋ ಗಂಟಲು ಸರಿ ಮಾಡಿಕೊಂಡು, ಸತ್ತವರ ಸುದ್ದಿ ಹೇಳುವವನಂತೆ ಮುಖ ಮಾಡಿಕೊಂಡು ಲೆಕ್ಕ ಒಪ್ಪಿಸಿದ.

"ನಂಗೂ ಹೋಗೋ ಆಸೇನೇ ಇತ್ತು. ಏನ್ಮಾಡೋದು, ಗಿಟ್ಟಲ್ಲ. ನೂರಿಪ್ಪತ್ತು ಕಟಿಂಗಲ್ಲಿ ಇಬ್ರು ಹೊಟ್ಟೆ ಹೊರೆಯೋದು ಹೇಗೆ? ಇಲ್ಲಿ ನಾನೊಬ್ಬನೇ ಮುನ್ನೂರು ತರ್ತೀನಿ."

ಹೆಂಡತಿ ತಲೆ ತಗ್ಗಿಸಿ ಬೆರಳಿನ ಉಗುರು ನೋಡಿಕೊಂಡಳು. "ಸರಿ ಬಿಡಿ ಹಾಗಾದ್ರೆ" ಎಂದು ಎದ್ದು ನೀರು ಕುಡಿಯಲು ಒಳಗೆ ಹೋದಳು. ಅವಳ ಆ ನಡಿಗೆ ನೋಡಿ ರೇಡಿಯೋನ ಜೀವ ಚುರ್ ಎಂದಿತು. ಆದರೂ ನಿಜ ಹೇಳಲಿಲ್ಲ, ಪಾಪಿ.

ಅತ್ತೆ ಮಾತ್ರ ಕೂತಲ್ಲಿಂದ ಏಳಲಿಲ್ಲ. ಬಾಯಲ್ಲಿ ಏನೋ ಗುಣಿಸಿಕೊಳ್ಳುತ್ತಿದ್ದರು.

"ಅಳಿಯಂದ್ರೇ, ಅಲ್ಲಿ ತಲೆಗೆ ಇಪ್ಪತ್ತೈದಾ?"

"ಹೂಂ, ಅತ್ತೆ. ಹಗಲು ದರೋಡೆ."

"ಆ ದರೋಡೆ ಮಾಡೋರು ಯಾರು?"

"ಅಲ್ಲಿನ ಕಟಿಂಗ್ ಶಾಪಿನವ್ರು."

"ನೀವೇನು ಲಾರಿ ಓಡಿಸ್ತೀರಾ?"

ರೇಡಿಯೋ ಬಾಗಿಲ ಕಡೆ ನೋಡಿದ. ಹೆಂಡತಿ ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು.

"ಅಲ್ಲಾ, ನನ್ ಮಗಳು ತಿಂಗಳಿಗೆ ನೂರಿಪ್ಪತ್ತು ತಲೆ ಕತ್ತರಿಸಿಕೊಳ್ಳೋಕೆ ಹೋಗ್ತಾಳಾ?" ಎಂದು ಅತ್ತೆ ಬಿಡಲಿಲ್ಲ. "ಕತ್ತರಿಸೋರು ನೀವು. ದಿನಕ್ಕೆ ನಾಲ್ಕು ತಲೆ ಸಿಕ್ಕಿದ್ರೂ ಅವಳ ಸಂಬಳದ ಸಮ ನೀವೇ ದುಡೀತೀರಿ. ಇಷ್ಟು ಗೊತ್ತಾಗ್ಲಿಲ್ವಾ ನಿಮ್ಗೆ?"

ಗೊತ್ತಾಗಿತ್ತು. ಅದೇ ತಾನೇ ತೊಂದರೆ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಕೋಪವಿರಲಿಲ್ಲ, ರೋಗಿಗೆ ಎಲ್ಲಿ ನೋವು ಎಂದು ಹುಡುಕುವ ನೋಟ. ಅದರ ಮುಂದೆ ಅವನ ಆಟ ನಡೆಯಲಿಲ್ಲ.

"ನಂಗೆ ಆ ಭಾಷೆ ಬರಲ್ಲ ಕಣೇ" ಎಂದ, ನೆಲ ನೋಡಿಕೊಂಡು. "ಬಾಯಿ ಮುಚ್ಕೊಂಡು ಕತ್ತರಿ ಆಡಿಸೋದು ನನ್ ಕೈಲಿ ಆಗಲ್ಲ. ಅಲ್ಲಿ ನಾನು ಯಾರೂ ಅಲ್ಲ. ಭಯ ಆಗುತ್ತೆ."

ಅತ್ತೆಗೆ ಇದೊಂದು ಕಾಯಿಲೆಯೆಂದೇ ಅನ್ನಿಸಲಿಲ್ಲ. "ಆಗುತ್ತೋ ಇಲ್ವೋ ನೋಡೇಬಿಡೋಣ. ನಾಳೆ ಒಂದಿನ ಅಂಗಡೀಲಿ ತುಟಿ ಪಿಟಕ್ಕನ್ನಬೇಡಿ. ಅಂಗಡಿ ಮುಚ್ಚೋ ತನಕ ತಡ್ಕೊಂಡ್ರೆ ಅಲ್ಲೂ ತಡ್ಕೋತೀರಿ. ತಡ್ಕೊಳ್ಳದಿದ್ರೆ ಬೇಡ ಅಂತ ಬರೆಯೋಣ."

ಶುಕ್ರವಾರ ಬೆಳಿಗ್ಗೆ ರೇಡಿಯೋ ಅಂಗಡಿ ತೆರೆದ. ಅಂಗಡಿ ಎಂದರೆ ಒಂದು ಕುರ್ಚಿ, ಎರಡು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಮೊದಲ ಗಿರಾಕಿ ಔಷಧದಂಗಡಿಯವನು. ಕೂತು, ಕಣ್ಣು ಮುಚ್ಚಿ, ಮಾತಿನ ಮಳೆಗೆ ತಯಾರಾದ. ಮಳೆ ಬರಲಿಲ್ಲ. ಒಂದು ಕಣ್ಣು ತೆರೆದು ನೋಡಿದ. "ಗಂಟಲು ನೋವಾ?" ಎಂದ. ರೇಡಿಯೋ ತಲೆ ಅಲ್ಲಾಡಿಸಿದ. ಯಾವ ಕಡೆಗೆ ಅಲ್ಲಾಡಿಸಿದನೋ, ಔಷಧದವನು ಅರ್ಧ ಕಟಿಂಗಿನಲ್ಲೇ ಎದ್ದು ಹೋಗಿ ಚೀಪುವ ಮಾತ್ರೆ ತಂದುಕೊಟ್ಟ. ಎರಡನೆಯವನು, ಇವನು ದರ ಏರಿಸಿದ್ದಾನೆ, ಅದನ್ನು ಹೇಳುವುದಕ್ಕೆ ಮುಖವಿಲ್ಲ ಎಂದುಕೊಂಡು ಸೀಟಿನ ತುದಿಯಲ್ಲಿ ಕೂತ. ಮೂರನೆಯವನು, ಇವನಿಗೆ ಮಾತು ಹೋದ ಮೇಲೆ ಕಿವಿಯೂ ಹೋಗಿರಬೇಕೆಂದು ತೀರ್ಮಾನಿಸಿ "ಹಿಂದೆ ಸಣ್ಣಗೆ" ಎಂದು ಬೀದಿಯ ಆ ತುದಿಗೆ ಕೇಳುವಂತೆ ಕೂಗಿದ.

ರೇಡಿಯೋನ ಪಾಡು ಕೇಳಬೇಡಿ. ಗಂಟಲಿಗೆ ಬಂದ ಮಾತನ್ನು ನುಂಗಿ ನುಂಗಿ ಹೊಟ್ಟೆ ಉಬ್ಬರಿಸಿತ್ತು. ಮಾತಿಲ್ಲದೆ ಕತ್ತರಿಗೂ ದಾರಿ ತಪ್ಪುತ್ತಿತ್ತು. ಒಬ್ಬ ಹುಡುಗನ ಕೆನ್ನೆಗೂದಲು ಒಂದು ಕಡೆ ಕಿವಿಯ ಮಧ್ಯಕ್ಕೆ, ಇನ್ನೊಂದು ಕಡೆ ಕಿವಿಯ ಕೆಳಕ್ಕೆ ಬಂದು, ಸರಿ ಮಾಡಲು ಹೋಗಿ ಎರಡೂ ಮಾಯವಾದವು. ಆದರೆ ಮಧ್ಯಾಹ್ನದ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಇವನು ಸುಮ್ಮನಿದ್ದದ್ದು ನೋಡಿ ಗಿರಾಕಿಗಳೇ ಮಾತಾಡತೊಡಗಿದರು. ಯಾವತ್ತೂ ಬಾಯಿ ಬಿಡದ ಬಡಗಿ ತನ್ನ ಸೊಂಟ ನೋವಿನ ಚರಿತ್ರೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿ, ಹಗುರಾಗಿ, ಎದ್ದು ಹೋದ.

ಆಮೇಲೆ ಬಂದವರು ನಿವೃತ್ತ ಮೇಷ್ಟ್ರು, ಒಂಬತ್ತು ವರ್ಷದ ಗಿರಾಕಿ. ಕೂತು ಸ್ವಲ್ಪ ಹೊತ್ತು ಕನ್ನಡಿ ನೋಡಿದರು. ಮೆಲ್ಲಗೆ ಕೆಮ್ಮಿದರು.

"ಏನಯ್ಯಾ, ಇವತ್ತು ಬಿಡುವಾಗಿದ್ದೀಯ, ಹೇಳ್ಬಿಡ್ತೀನಿ. ನಂದು ಎಡ ಬೈತಲೆ. ಒಂಬತ್ತು ವರ್ಷದಿಂದ ನೀನು ಬಲಕ್ಕೆ ತೆಗೀತಿದ್ದೀಯ. ನಾನು ಮನೆಗೆ ಹೋಗಿ ಮತ್ತೆ ಒದ್ದೆ ಮಾಡ್ಕೊಂಡು ಬಾಚ್ಕೋತೀನಿ."

ರೇಡಿಯೋನ ಕೈಯಲ್ಲಿದ್ದ ಬಾಚಣಿಗೆ ನಿಂತಿತು. ಕ್ಷಮಿಸಿ ಎನ್ನಲೂ ಆಗದ ಕರ್ಮ. ಎಡ ಬೈತಲೆ ತೆಗೆದ. ಮೇಷ್ಟ್ರು ಕನ್ನಡಿಯಲ್ಲಿ ತಮ್ಮನ್ನು ತಾವು ನೋಡಿಕೊಂಡು, ಮನೆಗೆ ಮಗ ಬಂದ ಹಾಗೆ ಸಂತೋಷಪಟ್ಟರು. ಚಿಲ್ಲರೆಯನ್ನೂ ವಾಪಸ್ ಕೇಳಲಿಲ್ಲ.

ಸಂಜೆ ಪೆಟ್ಟಿಗೆ ನೋಡಿದರೆ ದಿನಾ ಆಗುವುದಕ್ಕಿಂತ ಮೂರು ಕಟಿಂಗು ಹೆಚ್ಚೇ ಆಗಿತ್ತು. ಮಾತಿಲ್ಲದೆ ಕೆಲಸ ಬೇಗ ಸಾಗಿತ್ತು. ಗೆದ್ದೆ ಎಂದು ಕುಣಿಯಬೇಕಾದ ಗಂಡಸು ಬೆಂಚಿನ ಮೇಲೆ ಕುಸಿದು ಕೂತ. ಇಷ್ಟು ವರ್ಷ ಜನ ತನ್ನ ಮಾತಿಗೆ ಬರುತ್ತಾರೆಂದು ನಂಬಿದ್ದ. ಅವರು ತಲೆಗೂದಲು ಬೆಳೆದದ್ದಕ್ಕೆ ಬರುತ್ತಿದ್ದರು. ಅವನ ಮಾತು ಯಾರಿಗೂ ಬೇಕಾಗಿರಲಿಲ್ಲ. ಅಳು ಬರುವ ಹಾಗಾಯಿತು.

ಆಗ ಹೆಂಡತಿ ಬಂದಳು. ಆಸ್ಪತ್ರೆಯಿಂದ ನೇರ ಬಂದಿದ್ದಳು, ಅಂಗಿಯ ಜೇಬಿನಲ್ಲಿ ಇನ್ನೂ ಪೆನ್ನು, ಸಣ್ಣ ಟಾರ್ಚು. ಬಾಗಿಲಿಗೆ ಪರದೆ ಎಳೆದು, ಗಂಡಸರ ಕುರ್ಚಿಯಲ್ಲಿ ಕೂತು, ಜಡೆ ಬಿಚ್ಚಿದಳು.

"ಹೋಗೋದಾದ್ರೆ ಕೂದಲು ಕಾಲರಿಗಿಂತ ಮೇಲಿರ್ಬೇಕಂತೆ. ಎಷ್ಟು ಕತ್ತರಿಸಿದ್ರೆ ಹೇಗೆ ಕಾಣುತ್ತೆ ಅಂತ ಹಿಡಿದು ತೋರಿಸಿ. ಕತ್ತರಿಸಬೇಡಿ ಇನ್ನೂ."

ಅವನು ಅವಳ ಕೂದಲನ್ನು ಕೈಯಲ್ಲಿ ಮಡಚಿ ಹಿಡಿದು ಹಿಂದೆ ನಿಂತ. ಅತ್ತೆಯ ಕರಾರಿನ ಪ್ರಕಾರ ಅಂಗಡಿ ಇನ್ನೂ ಮುಚ್ಚಿರಲಿಲ್ಲ. ಸುಮ್ಮನೆ ನಿಂತ. ಅವಳು ಕನ್ನಡಿಯಲ್ಲಿ ಅವನನ್ನು ನೋಡಿದಳು, ಕಾದಳು, ಇನ್ನೂ ಸ್ವಲ್ಪ ಕಾದಳು.

"ಇವತ್ತು ವಾರ್ಡಲ್ಲಿ ಇಬ್ರು ಹೋದ್ರು" ಎಂದಳು. "ಒಬ್ಬ ನನ್ ಕೈ ಹಿಡ್ಕೊಂಡೇ ಹೋದ. ಬೆರಳು ಬಿಡಿಸ್ಕೊಳ್ಳೋಕೆ ಹೊತ್ತಾಯ್ತು."

ಅವನು ಕನ್ನಡಿಯಲ್ಲಿ ಅವಳ ಬೆರಳುಗಳನ್ನು ನೋಡಿದ.

"ಇಂಥದ್ದು ವಾರಕ್ಕೊಂದಾದ್ರೂ ಇರುತ್ತೆ. ನಾನು ಮನೇಲಿ ಹೇಳಿಲ್ಲ. ಹೇಳೋಕೆ ನೀವು ಬಿಟ್ಟಿಲ್ಲ, ಅದು ಬೇರೆ ಮಾತು. ಆದ್ರೆ ನಂಗೆ ಹೇಳೋದು ಬೇಕಾಗಿರಲಿಲ್ಲ ಕಣ್ರೀ. ಮನೆಗೆ ಬರ್ತೀನಿ, ನೀವು ಶುರು ಮಾಡ್ತೀರಿ. ಯಾರ ತಲೇಲಿ ಹೊಟ್ಟು, ಯಾರ ಮನೇಲಿ ಜಗಳ, ಯಾರು ಬಣ್ಣ ಹಚ್ಕೊಂಡು ಹೆಂಡ್ತಿ ಹತ್ರ ಬೈಸ್ಕೊಂಡ್ರು. ಅದನ್ನ ಕೇಳ್ತಾ ಕೇಳ್ತಾ ವಾರ್ಡು ತಲೆಯಿಂದ ಇಳಿದುಹೋಗುತ್ತೆ. ಆಮೇಲೆ ನಿದ್ದೆ ಬರುತ್ತೆ."

ಅವಳು ಮೂಗು ಒರೆಸಿಕೊಂಡಳು.

"ನಾನೂ ಲೆಕ್ಕ ಹಾಕಿದೀನಿ. ವಾರ್ಡಿನವ್ರೂ ಹಾಕಿಕೊಟ್ರು, ನಮ್ಮಣ್ಣನೂ ಹಾಕಿಕೊಟ್ಟ. ಒಬ್ಬಳೇ ಹೋಗಿ, ಅಲ್ಲಿನ ಹುಡುಗೀರ ಜೊತೆ ರೂಮಲ್ಲಿದ್ದು, ನೀವು ಇಲ್ಲೇ ಇದ್ರೆ, ಐದು ವರ್ಷಕ್ಕೆ ಸ್ವಂತ ಮನೆ ಆಗುತ್ತೆ. ಇಬ್ರೂ ಹೋದ್ರೆ ಸಂಬಳದಲ್ಲಿ ಮೂರರಲ್ಲೊಂದು ಪಾಲು ಬಾಡಿಗೆಗೇ ಹೋಗುತ್ತೆ. ಲೆಕ್ಕ ಸರಿಯಾಗೇ ಇದೆ. ನಿಮ್ಗೆ ಹೇಳ್ಲಿಲ್ಲ ಅಷ್ಟೆ. ಅಲ್ಲಿ ಯುದ್ಧದಲ್ಲಿ ಕೈಕಾಲು ಹೋದವರು ಬರ್ತಾರೆ. ಅದನ್ನ ನೋಡಿ ಬಂದು, ಯಾರೂ ಮಾತಾಡದ ರೂಮಲ್ಲಿ ಮಲಗೋಕೆ ನಂಗೆ ಭಯ. ನಿಮ್ಮನ್ನ ಕರೆದದ್ದು ದುಡಿಯೋಕಲ್ಲ. ನೀವು ಅಲ್ಲಿಗೆ ಬಂದು ಹೀಗೆ ಮೂಗನ ಹಾಗೆ ನಿಲ್ಲೋದಾದ್ರೆ, ನಂಗೆ ಆ ನೌಕರಿನೂ ಬೇಡ, ಆ ದೇಶನೂ ಬೇಡ."

ರೇಡಿಯೋನ ಗಂಟಲಲ್ಲಿ ಬೆಳಗಿನಿಂದ ತುಂಬಿದ್ದ ಮಾತೆಲ್ಲ ಒಟ್ಟಿಗೆ ನುಗ್ಗಿ, ಬಾಗಿಲಲ್ಲಿ ಸಿಕ್ಕಿಕೊಂಡು ನಿಂತಿತು. ಕೊನೆಗೆ ಹೊರಗೆ ಬಂದದ್ದು ಇಷ್ಟೇ:

"ಅಲ್ಲಿ ಹಗಲೆಲ್ಲ ಬಾಯಿ ಮುಚ್ಕೊಂಡಿರ್ಬೇಕಲ್ಲೇ."

"ಇರಿ. ಇವತ್ತು ಇದ್ರಲ್ಲ. ಅಂಗಡೀಲಿ ಒಂದು ಮಾತೂ ಖರ್ಚು ಮಾಡ್ಬೇಡಿ. ಎಲ್ಲಾ ಉಳಿಸಿ ಮನೆಗೆ ತನ್ನಿ."

ಅವನು ಅವಳ ಕೂದಲನ್ನು ಕೆಳಗೆ ಬಿಟ್ಟ. ಮತ್ತೆ ಎತ್ತಿ ಹಿಡಿದ. ಕಣ್ಣು ಮಂಜಾಗಿ ಕಾಲರಿನ ಅಳತೆ ಸರಿಯಾಗಿ ಕಾಣುತ್ತಿರಲಿಲ್ಲ.

"ಬರ್ತೀವಿ ಅಂತ ನಾಳೆ ಬರೆದುಬಿಡು" ಎಂದ.

"ಇಬ್ರೂ ಅಂತಾನಾ?"

"ಮತ್ತೆ?"

ಅವಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. "ಸರಿ. ಇವತ್ತಿಂದು ಹೇಳಿ" ಎಂದಳು.

ಅವನು ಔಷಧದಂಗಡಿಯವನಿಂದ ಶುರು ಮಾಡಿದ. ಚೀಪುವ ಮಾತ್ರೆ ಮುಗಿಸಿ, ಕೂಗಿದವನನ್ನು ಮುಗಿಸಿ, ಮಾಯವಾದ ಕೆನ್ನೆಗೂದಲಿನ ಹುಡುಗನಿಗೆ ಬಂದ. ಅವಳು ಒಮ್ಮೆ ನಕ್ಕಳು. ಬಡಗಿಯ ಸೊಂಟದ ಹೊತ್ತಿಗೆ ಅವಳ ಕೈ ತೊಡೆಯ ಮೇಲೆ ಸಡಿಲವಾಗಿ ಬಿದ್ದಿತ್ತು, ಉಸಿರು ನಿಧಾನವಾಗಿತ್ತು. ರೇಡಿಯೋ ಬಗ್ಗಿ ನೋಡಿದ. ದನಿ ತಗ್ಗಿಸಿದ, ಕತೆ ನಿಲ್ಲಿಸಲಿಲ್ಲ. ಮೇಷ್ಟ್ರ ಬೈತಲೆ ಇನ್ನೂ ಬಾಕಿ ಇತ್ತು.