ಐದು ಪೈಸೆ ಕಮ್ಮಿ

"ಮುನ್ನೂರು ರೂಪಾಯಿ ಅಂತ್ಲೇ ಹಾಕಬಹುದಿತ್ತಲ್ಲ, ಆ ಐದು ಪೈಸೆ ಯಾಕೆ ಕಮ್ಮಿ?" ಮುರಳೀಧರ ಹೊಸ ಚಪ್ಪಲಿಯನ್ನು ಮಗುಚಿ, ಅಟ್ಟೆಗೆ ಅಂಟಿಸಿದ್ದ ಬೆಲೆಚೀಟಿಯನ್ನು ಸೇಲ್ಸ್‌ಮನ್ನನ ಮುಂದೆ ಹಿಡಿದ.

"ಅಪ್ಪಡಿದಾನ್ ಸಾರ್, ಅದು ಹಾಗೇನೇ, ಕಂಪನಿ ರೇಟು."

"ಅದು ಉತ್ತರ ಆಗಲ್ಲ."

ಸೀತಾ ಬರಿಗಾಲಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಟಿ. ನಗರದಲ್ಲಿ ಬಸ್ಸಿಳಿಯುವಾಗ ಅವಳ ಹಳೆಯ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು. ಎರಡು ಬೀದಿ ಆಚೆಯ ಆಸ್ಪತ್ರೆಯಲ್ಲಿ ಅಕ್ಕ ಜಯಲಕ್ಷ್ಮೀ ಮಲಗಿದ್ದಳು. ಬೆಳಗಾದರೆ ಆಪರೇಷನ್. ಆರು ಗಂಟೆ ದಾಟಿದರೆ ವಾರ್ಡಿಗೆ ಯಾರನ್ನೂ ಬಿಡುವುದಿಲ್ಲ.

ಮೈಲಾಪೂರಿನಲ್ಲಿ ಅಕ್ಕನ ಹೆಸರಿಗೆ ಅರ್ಚನೆ ಮಾಡಿಸಿ ಬೇಗ ಹೊರಡೋಣವೆಂದರೆ ಅಲ್ಲೂ ಇದೇ ಆಗಿತ್ತು. ನಾಗರಕಲ್ಲಿನಲ್ಲಿ ಎರಡು ಹಾವು ಹೆಣೆದುಕೊಂಡಿರುವುದರ ಅರ್ಥವೇನೆಂದು ಗಂಡ ಅರ್ಚಕರನ್ನು ಹಿಡಿದು ನಿಲ್ಲಿಸಿದ್ದ. ಅವರು ಒಂದು ಹೇಳಿದರೆ ಇವನು ಮೂರು ಕೇಳಿದ. ಅವರ ಕೈಯಲ್ಲಿದ್ದ ಆರತಿ ಆರಿಹೋಯಿತು.

"ರೀ, ಹೊತ್ತಾಯ್ತು. ದುಡ್ಡು ಕೊಟ್ಟು ಬನ್ನಿ."

"ಇರು ಒಂದ್ನಿಮಿಷ. ತಿಳ್ಕೊಳ್ಳೋದ್ರಲ್ಲಿ ತಪ್ಪೇನಿದೆ?"

ಒಳಗಿನಿಂದ ಮ್ಯಾನೇಜರ್ ಬಂದ. "ಮುನ್ನೂರು ಅಂದ್ರೆ ಜಾಸ್ತಿ ಅನ್ಸುತ್ತೆ ಸಾರ್. ಇನ್ನೂರು ಚಿಲ್ಲರೆ ಅಂದ್ರೆ ಜನ ತಗೋತಾರೆ." ಮುರಳೀಧರನ ಮುಖ ಅರಳಿತು. ಸದ್ಯ, ಮುಗಿಯಿತೆಂದು ಸೀತಾ ಎದ್ದಳು.

"ಹಾಗಾದ್ರೆ," ಅಂದ ಅವನು, "ಆ ಐದು ಪೈಸೆ ಚಿಲ್ಲರೆ ಎಲ್ಲಿಂದ ತಂದು ಕೊಡ್ತೀರಿ?"

ಅವಳ ಕಿವಿ ಬಿಸಿಯಾಯಿತು. ಅಕ್ಕ ಆಸ್ಪತ್ರೆ ಸೇರಿ ವಾರವಾಗಿತ್ತು. ಅವಳಿಗೇನಾಗಿದೆ ಎಂದು ಈ ಮನುಷ್ಯ ಒಂದು ಸಲವೂ ಕೇಳಿರಲಿಲ್ಲ. ಸೀತಾ ಹಣ್ಣಿನ ಚೀಲ ಎತ್ತಿಕೊಂಡು ಹೊರಟಳು.

"ಎಲ್ಲಿಗೆ? ಚಪ್ಪಲಿ?" ಹಿಂದಿನಿಂದ ಅವನು ಕೂಗಿದ್ದು ಕೇಳಿಸಿತು.

ಟಾರು ಇನ್ನೂ ಕಾದಿತ್ತು. ಸೀರೆ ಅಂಗಡಿಗಳ ಜಂಗುಳಿಯಲ್ಲಿ ಯಾರೋ ಅವಳ ಬೆರಳು ತುಳಿದರು, ಎಲ್ಲೋ ಒಂದು ಗಾಜಿನ ಚೂರು ಹಿಮ್ಮಡಿಗೆ ನೆಟ್ಟಿತು. ಕಿತ್ತೆಸೆದು ಓಡಿದಳು. ವಾಚ್‌ಮನ್ ಆಸ್ಪತ್ರೆಯ ಕಬ್ಬಿಣದ ಗೇಟು ಎಳೆಯುತ್ತಿದ್ದ. ಅವಳ ಕಾಲು ನೋಡಿ ಏನನ್ನಿಸಿತೋ, "ಸೀಕ್ರಂ ಪೋಂಗಮ್ಮಾ" ಎಂದು ಅವಸರಪಡಿಸಿ ಒಳಗೆ ಬಿಟ್ಟ.

ಜಯಲಕ್ಷ್ಮೀ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ತಿರುಗಿದಳು.

"ಇನ್ನು ಬರಲ್ಲ ಅಂದ್ಕೊಂಡೆ ಕಣೆ. ಮುರಳಿ ಎಲ್ಲಿ?"

"ಅಂಗಡೀಲಿದಾರೆ, ಅಕ್ಕ."

ಅಕ್ಕನ ಕಣ್ಣು ನೆಲದ ಕಡೆ ಹೋಯಿತು. ಧೂಳು ಮೆತ್ತಿದ ಆ ಕಾಲುಗಳನ್ನು ನೋಡಿದಳು, ಏನೂ ಕೇಳಲಿಲ್ಲ. ಮೆಲ್ಲಗೆ ಒತ್ತರಿಸಿಕೊಂಡು ಮಂಚದಲ್ಲಿ ಜಾಗ ಮಾಡಿದಳು.

"ಕಾಲು ಮೇಲಿಡು."

ಆಸ್ಪತ್ರೆಯ ಬಿಳಿ ಹೊದಿಕೆಯ ತುದಿ ಎಳೆದು ತಂಗಿಯ ಪಾದಗಳ ಮೇಲೆ ಹೊದಿಸಿದಳು.